ಇಲಿ ಸಾಕಿದ ಮೌಶಿ

ನಮ್ಮ ಮೌಶಿಗೆ, ಎಂದರೆ ಅವ್ವನ ತಂಗಿಗೆ, ಮನುಷ್ಯರ ಹೆಸರು ನೆನಪಿರುತ್ತಿರಲಿಲ್ಲ. ಇಲಿಗಳ ಜಾತಕ ಮಾತ್ರ ಬಾಯಿಪಾಠ! ಎಪ್ಪತ್ತರ ದಶಕದಲ್ಲಿ ಸಿದ್ಧೇಶ್ವರ ಗುಡಿಯ ಹಿಂದಿನ ನಮ್ಮ ಮನೆಯಲ್ಲಿದ್ದುಕೊಂಡು, ವಿಜಾಪುರದ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಆಕೆ ಬಿಳಿ ಇಲಿಗಳನ್ನು ಸಾಕುತ್ತಿದ್ದಳು. ಬಸಿರಿಗೆ ಬೇಕಾದ ಹಾರ್ಮೋನು ಅವುಗಳ ರಕ್ತದಲ್ಲಿ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ತಿಳಿಯುವುದೇ ಅವಳ ಕೆಲಸ.

ಊಟಕ್ಕೆ ಕೂತರೂ ಅದೇ ಪುರಾಣ. "ಮೂಲಿ ಗೂಡಿನಾಕಿ ಇವತ್ತ ಭಾಳ ಖುಷಿಯಾಗ ಅದಾಳ. ಹಾರ್ಮೋನು ಏರಿರಬೇಕು!" ಅಪ್ಪ ರೊಟ್ಟಿ ಹಿಡಿದುಕೊಂಡೇ ಅಂಗಳಕ್ಕೆ ಪರಾರಿ. ಅಡುಗೆಮನೆಯ ಶೇಂಗಾ ಕರಗುವುದನ್ನು ಕಂಡು ಅವ್ವ ಚೀರುತ್ತಿದ್ದಳು: "ಮನಿ ಇಲಿಗೆ ಬೋನು, ನಿನ್ನ ಇಲಿಗೆ ಶೇಂಗಾ! ಅವೇನ ಅಳಿಯಂದ್ರೇನ?"

ಹಾರ್ಮೋನು ಅಳೆಯುವ ಯಂತ್ರವಿದ್ದದ್ದು ದೂರದ ಪುಣೆಯಲ್ಲಿ. ಮೌಶಿ ಥರ್ಮಾಸಿನಲ್ಲಿ ಬರ್ಫದ ಗಡ್ಡೆ ತುಂಬಿ, ರಕ್ತದ ಸೀಸೆಗಳನ್ನಿಟ್ಟು ಬಸ್ಸು ಹತ್ತುತ್ತಿದ್ದಳು. ಒಮ್ಮೆ ಬಸ್ಸಿನಲ್ಲಿ ಕಾಲಿಡಲೂ ಜಾಗವಿಲ್ಲ. ಸೀಟು ತುಂಬ ಹರಡಿಕೊಂಡಿದ್ದ ದಢೂತಿಯೊಬ್ಬ ಕೇಳಿದ, "ಏನೈತ್ರಿ ಬಾಯಾರ, ಕುಲ್ಫಿ?"

"ಅಲ್ಲರಿ, ಇಲಿ ರಕ್ತ."

ಸೊಲ್ಲಾಪುರದವರೆಗೆ ಮೌಶಿ ಇಡೀ ಸೀಟಿನಲ್ಲಿ ಕಾಲು ಚಾಚಿ ಮಲಗಿದಳು!

ಈ ಕೀರ್ತಿ ತಿಕೋಟಾ ದಾಟಿ ಘೋಣಸಗಿ ಮುಟ್ಟದೆ ಇದ್ದೀತೆ? ಒಂದು ಮಧ್ಯಾಹ್ನ ಆ ಊರಿನ ಮುದುಕಿಯೊಬ್ಬಳು ಮಗ, ಸೊಸೆಯ ಸಮೇತ ಬಂದೇಬಿಟ್ಟಳು.

"ಇಕಿ ರಕ್ತ ನೋಡ್ರಿ ಬಾಯಾರ. ಕೂಸು ಆಗಂಗಿಲ್ಲಂದ್ರ ತವರಿಗೆ ಅಟ್ಟಿ, ಮಗಗ ಇನ್ನೊಂದು ಲಗ್ನ ಮಾಡ್ತೀನಿ."

ಸೊಸೆ ತಲೆ ಎತ್ತಲಿಲ್ಲ. ಮೌಶಿ ಗಂಭೀರವಾಗಿ ಹೇಳಿದಳು: "ಅವ್ವಾ, ನಾ ಇಲಿ ಡಾಕ್ಟರು. ಆದ್ರ ಇಲಿ ಮರಿ ಹಾಕಲಿಲ್ಲಂದ್ರ ನಾವು ಗಂಡಿಲಿನೂ ನೋಡ್ತೀವಿ. ನಿಮ್ಮ ಮಗನ್ನ ಯಾರರ ನೋಡ್ಯಾರೇನು?"

ಬಾಗಿಲಲ್ಲಿ ಚಹಾ ಹೀರುತ್ತಿದ್ದ ಮಗನಿಗೆ ಚಹಾ ನೆತ್ತಿಗೇರಿತು! ಮೌಶಿ ಬಿಡಲಿಲ್ಲ. ಗಂಡ ಹೆಂಡತಿ ಇಬ್ಬರನ್ನೂ ತಾನೇ ಸರಕಾರಿ ದವಾಖಾನೆಗೆ ಕರೆದೊಯ್ದಳು. ಕೊರತೆ ಇದ್ದದ್ದು ಮಗನಲ್ಲಿ. ಮುದುಕಿ ಇನ್ನೊಂದು ಲಗ್ನದ ಮಾತೇ ಎತ್ತಲಿಲ್ಲ. ಹೊರಡುವಾಗ ಸೊಸೆ ಮೌಶಿಯ ಎರಡೂ ಕೈ ಹಿಡಿದು ಅತ್ತುಬಿಟ್ಟಳು.

ಅವರು ಹೋದ ಮೇಲೆ ನಾನು ನಗುತ್ತ, "ಮೌಶಿ, ಇಲಿ ವಿದ್ಯಾ ಮನಷ್ಯಾರಿಗೂ ಉಪಯೋಗ ಬಂತಲ್ಲ!" ಎಂದೆ.

ಆಕೆ ನಗಲಿಲ್ಲ.

"ಕನಮಡಿಯ ಗಂಡನ ಮನಿಯಿಂದ ನನ್ನ ತವರಿಗೆ ಹೊಳ್ಳಿ ಕಳಸಿದಾಗ, 'ಅವರನ್ನೂ ಒಮ್ಮಿ ನೋಡ್ರಿ' ಅನ್ನಾಕ ಯಾರೂ ಇರಲಿಲ್ಲಪ್ಪಾ."

ನಮ್ಮ ಮನೆಯಲ್ಲಿ ಯಾರೂ ಆಡದ ಮಾತು ಅದು. ಮೌಶಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

"ನಡಿ, ಇಲಿಗೋಳಿಗೆ ನೀರು ಇಡೋ ಹೊತ್ತಾತು."

ದಿನಾ ಆಕೆಯೇ ಹೊರುತ್ತಿದ್ದ ನೀರಿನ ಕೊಡವನ್ನು ಅಂದು ನಾನೇ ಹೊತ್ತುಕೊಂಡೆ.