ಸದ್ದು ಮಾಡಿದ ತಗಡು

ಇನ್ನು ಮುಂದೆ ನಮ್ಮ ಕಾರಿನ ಮೈ ಮುಟ್ಟುವ ಹಕ್ಕು ಯಾವ ಗ್ಯಾರೇಜಿಗೂ ಇಲ್ಲ, ಅದರ ಸಮಸ್ತ ರಿಪೇರಿಯೂ ನನ್ನದೇ ಎಂದು ಒಂದು ಭಾನುವಾರ ಬೆಳಿಗ್ಗೆ ನಾನು ಘೋಷಿಸಿದೆ. ಮೂವತ್ತು ವರ್ಷ ಬೀದಿಯಲ್ಲಿ ನಿಂತು ಮೂವರು ಮಂತ್ರಿಗಳ ಕುರ್ಚಿ ಅಲ್ಲಾಡಿಸಿದವನಿಗೆ ನಾಲ್ಕು ಬೋಲ್ಟು ಅಲ್ಲಾಡಿಸುವುದು ಯಾವ ಮಹಾ ಕೆಲಸ? ಘೋಷಣೆ ಕೇಳಲು ಹಾಜರಿದ್ದ ಸಭಿಕರು ಒಬ್ಬರೇ, ನನ್ನ ಹೆಂಡತಿ. ಅವಳು ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತದೆ, "ಹೋದ ವರ್ಷ ಮಿಕ್ಸಿ ವಿಷಯದಲ್ಲೂ ಹೀಗೇ ಅಂದಿದ್ರಿ," ಎಂದಳು.

ಇದು ವಿಷಯಾಂತರ. ಸಭೆಯಲ್ಲಿ ವಿಷಯಾಂತರ ಮಾಡುವವರನ್ನು ಕಡೆಗಣಿಸುವುದು ನನಗೆ ರೂಢಿಯಾಗಿದೆ.

ಎಲ್ಲಕ್ಕೂ ಕಾರಣ ಒಂದು ಸದ್ದು. ನಮ್ಮ ಊರಿನ ಹೊಲಿಗೆ ಕೆಲಸಗಾರರ ಸಂಘಕ್ಕೆ ನಾಲ್ಕು ಸಲದಿಂದ ಒಬ್ಬನೇ ಅಧ್ಯಕ್ಷ. ಅವನ ಎದುರು ಯಾರೂ ನಾಮಪತ್ರ ಹಾಕುವುದಿಲ್ಲ. ಹಾಕಲು ಹೊರಟವರಿಗೆ ಸರಿಯಾಗಿ ಅವತ್ತೇ ಹೇಗೋ ಜ್ವರ ಬಂದುಬಿಡುತ್ತದೆ. ಕುರ್ಚಿಗೆ ಅಂಟಿದ ಆ ಪುಣ್ಯಾತ್ಮನನ್ನು ಎಲ್ಲರೂ ಕರೆಯುವುದೇ 'ಗೋಂದು' ಎಂದು. ಈ ಸಲ ಅವನೆದುರು ನಿಲ್ಲುತ್ತೇನೆಂದು ನನ್ನ ಹೆಂಡತಿ ಎದ್ದಳು. ನಾನು ಕಾರಿನ ನೆತ್ತಿಗೆ ಮೈಕು ಕಟ್ಟಿ ಪ್ರಚಾರಕ್ಕೆ ಇಳಿದೆ. ನಾನು "ಬಂಧುಗಳೇ" ಎಂದರೆ ಬಾನೆಟ್ಟಿನೊಳಗಿಂದ ಟಕಟಕಟಕ. "ಈ ಅನ್ಯಾಯವನ್ನು" ಎಂದರೆ ಟಕಟಕಟಕ. ಕೇಳುತ್ತಿದ್ದ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದರು.

ಬಾನೆಟ್ ಎತ್ತಿದೆ. ಆಮೆಯ ಚಿಪ್ಪಿನಂಥ ಒಂದು ಬಾಗಿದ ತಗಡು, ಯಾವುದೋ ಕಬ್ಬಿಣದ ಡಬ್ಬಿಯ ಮೇಲೆ ಕೂತು ಹಲ್ಲು ಕಡಿಯುತ್ತಿತ್ತು. ಭಾಷಣಕ್ಕೆ ಅಡ್ಡಿಪಡಿಸುವ ದುಷ್ಟಶಕ್ತಿ! ಎರಡು ಬೋಲ್ಟು ಬಿಚ್ಚಿದೆ, ತುಕ್ಕು ಹಿಡಿದಿದ್ದ ಇನ್ನೆರಡನ್ನು ಮುರಿದೆ, ತಗಡನ್ನು ಹಿತ್ತಿಲಿಗೆ ಎಸೆದೆ. ಸದ್ದಡಗಿತು. ಆ ಭಾನುವಾರದ ಘೋಷಣೆ ಹೊರಬಿದ್ದದ್ದು ಈ ವಿಜಯದ ಬೆನ್ನಿಗೇ.

ಹತ್ತು ದಿನದ ಮೇಲೆ ಗ್ಯಾರೇಜಿನವನು ಹರಿದ ಪ್ಯಾಂಟು ಹೊಲಿಸಲು ನಮ್ಮನೆಗೆ ಬಂದ. ಎಣ್ಣೆ ನೋಡೋಣವೆಂದು ನಾನು ಬಾನೆಟ್ ತೆರೆದಿಟ್ಟಿದ್ದೆ. ಅವನು ಇಣುಕಿ, ಒಂದು ರಬ್ಬರ್ ಹೋಸನ್ನು ಹಿಂಡಿ ನೋಡಿದ.

"ಅಣ್ಣಾ, ಇದನ್ನ ಮುಟ್ಟಿ ನೋಡಿ. ಒಣಗಿದ ಚರ್ಮ ಆಗಿದೆ. ಇಂಜಿನ್ನಿಗೆ ನೀರು ಹೋಗೋದು ಇದರಲ್ಲೇ. ಪಕ್ಕದಲ್ಲಿ ಡಬ್ಬಿ ಇದೆಯಲ್ಲ, ಕ್ಯಾಟಲಿಟಿಕ್ ಕನ್ವರ್ಟರು, ಹೊಗೆಯ ವಿಷ ಕಳೆಯೋದು, ಗಾಡಿ ಓಡುವಾಗ ಕುಲುಮೆ ಥರ ಕಾಯುತ್ತೆ. ಮಧ್ಯೆ ಒಂದು ತಗಡು ಅಡ್ಡ ಇರಬೇಕಿತ್ತಲ್ಲ, ಎಲ್ಲಿ?"

"ಕಂಪನಿಯವರು ಕೊಟ್ಟೇ ಇಲ್ಲ," ಎಂದೆ. "ಲಾಭಕೋರರು. ತಗಡಲ್ಲೂ ಉಳಿಸ್ತಾರೆ."

ಅವನು ಮುರಿದ ಬೋಲ್ಟಿನ ಹಸಿ ಗಾಯ ನೋಡಿದ. ನನ್ನ ಮುಖ ನೋಡಿದ. ಒಳ್ಳೆಯ ಮನುಷ್ಯ, ಎರಡನ್ನೂ ಒಟ್ಟಿಗೆ ನೋಡಲಿಲ್ಲ.

"ಆಯ್ತು ಬಿಡಿ. ಹೊಸ ತಗಡು ಹಾಕಿಸಿ. ಹೋಸು ಬದಲಾಯಿಸಿ, ಕ್ಲಿಪ್ ಹಾಕಿ ಡಬ್ಬಿಯಿಂದ ನಾಲ್ಕು ಬೆರಳು ದೂರ ಕಟ್ಟಿ. ಮೇಲೊಂದು ಶಾಖ ತಡೆಯೋ ಕವಚ ತೊಡಿಸಿದ್ರೆ ಇನ್ನೂ ಒಳ್ಳೇದು. ಸಂಜೆ ತನ್ನಿ, ಮಾಡಿಕೊಡ್ತೀನಿ."

"ನಾನೇ ಮಾಡ್ತೀನಿ."

"ನೀವಾ? ಬಟ್ಟೆಗಿಟ್ಟೆ ಮಾತ್ರ ಸುತ್ತಬೇಡಿ ಅಣ್ಣಾ."

ಈ ಮಾತು ಅವನು ಆಡದಿದ್ದರೆ ಬಟ್ಟೆ ಸುತ್ತುವ ಯೋಚನೆ ನನಗೆ ಹೊಳೆಯುತ್ತಲೇ ಇರಲಿಲ್ಲ.

ಮೊದಲು ಹಿತ್ತಿಲಲ್ಲಿ ತಗಡು ಹುಡುಕಿದೆ. ಇಲ್ಲ. ಗುಜರಿಯವನು ಹೊತ್ತುಕೊಂಡು ಹೋಗಿರಬೇಕೆಂದು ಕೈಬಿಟ್ಟೆ. ಆದರೆ ಬಟ್ಟೆಗೆ ನನ್ನಲ್ಲಿ ಬರವೇ? ಅಟ್ಟದ ತುಂಬ ಮೂವತ್ತು ವರ್ಷದ ಬ್ಯಾನರುಗಳು. ಅವುಗಳಲ್ಲಿ ಅತ್ಯಂತ ಗಟ್ಟಿಗನನ್ನೇ ಆರಿಸಿದೆ. "ನೀರು ಕೊಡಿ, ಇಲ್ಲವೇ ಕುರ್ಚಿ ಬಿಡಿ." ನೀರಿನ ಕಚೇರಿಯ ಮುಂದೆ ಹನ್ನೊಂದು ದಿನ ಬಿಸಿಲು, ಮಳೆ, ಲಾಠಿ ಎಲ್ಲವನ್ನೂ ತಿಂದು ಬಂದ ಬಟ್ಟೆ. ಹನ್ನೆರಡನೇ ದಿನ ಸಾಹೇಬ ನಮ್ಮ ಮನವಿಪತ್ರದ ಕೆಳಗೆ "ಪರಿಶೀಲಿಸಲಾಗುವುದು" ಎಂಬ ಒಂದೇ ಪದ ಗೀಚಿ ವಾಪಸು ಕೊಟ್ಟಿದ್ದ. ಆ ಕಾಗದವನ್ನು ಅವನ ಮೆಟ್ಟಿಲ ಮೇಲೇ ಸುಟ್ಟವನು ನಾನು. ಅಂಥ ಹೋರಾಟದ ಬಟ್ಟೆ ಒಂದು ಡಬ್ಬಿಯ ಬಿಸಿಗೆ ಬಗ್ಗುವುದೇ?

ಅದೇ ಹಳೇ ಹೋಸಿಗೆ ಬ್ಯಾನರನ್ನು ಮೂರು ಸುತ್ತು ಸುತ್ತಿ, ನೈಲಾನ್ ಹಗ್ಗದಿಂದ ಬ್ಯಾನರು ಕಟ್ಟುವ ಗಂಟನ್ನೇ ಹಾಕಿದೆ. ಆ ಗಂಟನ್ನು ಪೊಲೀಸರೂ ಬಿಚ್ಚಲಾರರು. ಹೆಂಡತಿ ಹೊರಗೆ ಬಂದು ನೋಡಿದಳು.

"ಏನ್ರೀ, ಹೋಸಿನ ಕಾಲು ಮುರಿದಿದೆಯಾ?"

"ಇದು ರಕ್ಷಾಕವಚ."

"ನಾಡಿದ್ದು ನಾಮಪತ್ರ. ಹನ್ನೆರಡು ಗಂಟೆಯೊಳಗೆ ಕೊಡಬೇಕು. ಬಸ್ಸಲ್ಲೇ ಹೋಗ್ತೀನಿ ನಾನು."

"ಅಧ್ಯಕ್ಷೆ ಬಸ್ಸಲ್ಲಿ ಜೋತಾಡ್ಕೊಂಡು ಹೋಗೋದಾ? ನಾನು ಬದುಕಿರುವಾಗ?"

"ನೀವು ಬದುಕಿರ್ತೀರಿ. ಕಾರಿಂದೇ ಅನುಮಾನ."

ನಾಮಪತ್ರದ ದಿನ ಹನ್ನೊಂದಕ್ಕೆ ಹೊರಟೆವು. ಅವಳ ಮಡಿಲಲ್ಲಿ ನಾಮಪತ್ರದ ಕಡತ, ಸೂಚಕರು ಅನುಮೋದಕರು ಸಹಿ ಹಾಕಿದ್ದು. ಗೋಂದು ಬೆಳಿಗ್ಗೆಯೇ ಕಚೇರಿಗೆ ಹೋಗಿ ಗಡಿಯಾರದ ಕೆಳಗೆ ಕೂತಿದ್ದಾನೆಂದು ಸುದ್ದಿ ಬಂದಿತ್ತು. ಎರಡು ಸಿಗ್ನಲ್ ದಾಟುವಷ್ಟರಲ್ಲಿ ಅವಳು ಮೂಗು ಅರಳಿಸಿದಳು.

"ಏನೋ ಸುಟ್ಟ ವಾಸನೆ."

"ಮುಂದಿನ ಲಾರಿದು."

ಲಾರಿ ಎಡಕ್ಕೆ ತಿರುಗಿ ಹೋಯಿತು. ವಾಸನೆ ಹೋಗಲಿಲ್ಲ.

"ಈಗ ಯಾರದ್ದು?"

ನಾನು ಇನ್ನೊಂದು ಲಾರಿ ಹುಡುಕುತ್ತಿರುವಾಗಲೇ ಮುಂದಿನಿಂದ ಠಪ್ ಎಂದಿತು. ಬಾನೆಟ್ಟಿನ ಸಂದುಗಳಿಂದ ಹಬೆ ನುಗ್ಗಿತು. ಸರಿಯಾಗಿ ನಾಲ್ಕು ರಸ್ತೆ ಕೂಡುವ ಸರ್ಕಲ್ಲಿನ ಬಾಯಲ್ಲಿ, ಆಚೆಗೂ ಇಲ್ಲ ಈಚೆಗೂ ಇಲ್ಲ ಎಂಬಂತೆ ಕಾರು ನಿಂತಿತು. ಹಿಂದೆ ಎರಡು ಬಸ್ಸು, ಅದರ ಹಿಂದೆ ಊರಿಗೆ ಊರೇ.

ಹಬೆಯನ್ನು ಸೀಳಿಕೊಂಡು ಬಂದವರು ಹೆಡ್ ಕಾನ್‌ಸ್ಟೇಬಲ್. ಈ ಸರ್ಕಲ್ಲಿನಿಂದಲೇ ನನ್ನನ್ನು ಹನ್ನೊಂದು ಸಲ ಜೀಪಿಗೆ ತುಂಬಿಸಿದ ಹಳೇ ಸ್ನೇಹಿತರು.

"ನಾಯಕರೇ, ರಸ್ತೆ ತಡೆ ಬಿಟ್ಟುಬಿಟ್ಟೆ ಅಂದಿದ್ರಿ. ಅನುಮತಿ ಪತ್ರ ಎಲ್ಲಿ?"

"ರಸ್ತೆ ತಡೆ ಅಲ್ಲ ಸ್ವಾಮಿ, ಗಾಡಿ ಕೆಟ್ಟಿದೆ."

ಅವರು ಟೋಪಿಯಲ್ಲಿ ಗಾಳಿ ಬೀಸಿಕೊಳ್ಳುತ್ತ ಬಾನೆಟ್ ಎತ್ತಿದರು. ಹಗ್ಗ ಕರಗಿ ಜಿನುಗುತ್ತಿತ್ತು, ಹೋಸು ಬಾಯಿಬಿಟ್ಟಿತ್ತು. ಕರಕಲಾದ ಬ್ಯಾನರಿನಲ್ಲಿ ಉಳಿದಿದ್ದದ್ದು ದೊಡ್ಡ ಕೆಂಪಕ್ಷರದ ಎರಡೇ ಪದ. ಹೆಡ್ಡು ಜೋರಾಗಿ ಓದಿದರು.

"'ನೀರು ಕೊಡಿ.' ಕೆಟ್ಟಿದೆಯಂತೆ. ಬೇಡಿಕೆ ಬರ್ಕೊಂಡೇ ಬಂದಿದೀರಲ್ಲ."

ಬಸ್ಸಿನ ಕಿಟಕಿಯಿಂದ ಯಾರೋ "ಧಿಕ್ಕಾರ" ಎಂದು ಕೂಗಿದರು. ಇಷ್ಟು ವರ್ಷ ಆ ಪದ ನನ್ನ ಬಾಯಿಂದ ಹೊರಗೆ ಹೋಗಿತ್ತು. ನನ್ನ ಕಡೆಗೆ ಬಂದದ್ದು ಅದೇ ಮೊದಲು.

ಅಷ್ಟರಲ್ಲಿ ನನ್ನ ಹೆಂಡತಿ ಕಡತವನ್ನು ಎದೆಗೊತ್ತಿಕೊಂಡು ಇಳಿದಿದ್ದಳು. ಗಂಟೆ ಹನ್ನೊಂದೂವರೆ ದಾಟಿತ್ತು. "ಅಣ್ಣಾ, ಹನ್ನೆರಡಕ್ಕೆ ನಾಮಪತ್ರ ಕೊಡಬೇಕು. ಬಸ್ಸೂ ಇಲ್ಲೇ ಸಿಕ್ಕಿಹಾಕ್ಕೊಂಡಿದೆ. ತಪ್ಪಿದ್ರೆ ಗೋಂದು ಐದನೇ ಸಲ."

"ಆ ಗೋಂದಾ?" ಹೆಡ್ಡಿನ ಮುಖ ಬದಲಾಯಿತು. "ನಮ್ಮನೆಯವಳೂ ಆ ಸಂಘದಲ್ಲೇ ಇರೋದಮ್ಮ. ದಿನಾ ಬಂದು ಗೋಳಾಡ್ತಾಳೆ. ಜೀಪು ಹತ್ತಮ್ಮ."

ಅವಳು ಜೀಪಿನ ಮುಂದಿನ ಸೀಟಿನಲ್ಲಿ ಕೂತಳು. ಹನ್ನೊಂದು ಸಲ ಹತ್ತಿದ್ದೇನೆ, ನನಗೆ ಒಮ್ಮೆಯೂ ಮುಂದಿನ ಸೀಟು ಕೊಟ್ಟಿಲ್ಲ. ಅಭ್ಯಾಸಬಲದಿಂದ ನಾನೂ ಹಿಂದೆ ಕಾಲಿಟ್ಟೆ.

"ನೀವೆಲ್ಲಿಗೆ?" ಎಂದರು ಹೆಡ್ಡು. "ರಸ್ತೆ ತಡೆದವರು ಯಾರು? ಗಾಡಿ ತಳ್ಳಿ."

ತಳ್ಳಿದೆ. ಗ್ಯಾರೇಜಿನವರೆಗೂ ತಳ್ಳಿದೆ. ಗ್ಯಾರೇಜಿನವನು ಕರಕಲು ಬಟ್ಟೆಯನ್ನು ಇಕ್ಕಳದಲ್ಲಿ ಎತ್ತಿ ಹಿಡಿದು, ಅಂಗಡಿಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ. ಬಂದವರಿಗೆಲ್ಲ ಪಾಠ ಹೇಳಲು ಬೇಕಾಗುತ್ತದಂತೆ.

ಸಂಜೆ ಹೆಂಡತಿ ಗೆದ್ದವಳಂತೆ ಬಂದಳು. ಹನ್ನೆರಡಕ್ಕೆ ಎಂಟು ನಿಮಿಷ ಇರುವಾಗ ನಾಮಪತ್ರ ಮೇಜಿನ ಮೇಲೆ ಬಿತ್ತಂತೆ. ಪೊಲೀಸ್ ಜೀಪು ಕಂಡ ಗೋಂದು ಎದ್ದು ನಿಂತನಂತೆ. ನಾಲ್ಕು ಸಲದಲ್ಲಿ ಅವನು ಕುರ್ಚಿ ಬಿಟ್ಟೆದ್ದದ್ದನ್ನು ಜನ ನೋಡಿದ್ದು ಅದೇ ಮೊದಲು. ಖುಷಿಯಲ್ಲಿ ನಾನೇ ಚಹಾ ಮಾಡುತ್ತೇನೆಂದು ಅಡುಗೆಮನೆಗೆ ಹೋದೆ. ಒಲೆಯ ಹಿಂದೆ, ಉರಿಗೂ ಗ್ಯಾಸಿನ ಟ್ಯೂಬಿಗೂ ನಡುವೆ, ಆಮೆಯ ಚಿಪ್ಪಿನಂಥ ಬಾಗಿದ ತಗಡು ನಿಂತಿತ್ತು. ಫಳಫಳ ಉಜ್ಜಿದ್ದು.

"ಇದು ಇಲ್ಲಿಗೆ ಹೇಗೆ ಬಂತು?"

"ಹಿತ್ತಿಲಲ್ಲಿ ಬಿದ್ದಿತ್ತು. ಒಲೆ ಬಿಸಿ ಟ್ಯೂಬಿಗೆ ತಾಗ್ತಿತ್ತು, ಅಡ್ಡ ಇಟ್ಟೆ. ರಬ್ಬರು ಅಲ್ವಾ."

"ಅದು ಕಾರಿನ ತಗಡು ಅಂತ ಗೊತ್ತಾಗಲಿಲ್ವಾ?"

"ಕಂಪನಿಯವರು ಕೊಟ್ಟೇ ಇಲ್ಲ ಅಂತ ನೀವೇ ಹೇಳಿದ್ದು ಕಿಟಕಿಯಿಂದ ಕೇಳಿಸ್ತಲ್ಲ. ಇದು ಬೇರೆ ಯಾವುದೋ ಅಂದ್ಕೊಂಡೆ." ಅವಳು ನನ್ನನ್ನೇ ನೋಡಿದಳು. "ಯಾಕ್ರೀ ಕಿತ್ರಿ ಅದನ್ನ?"

"ಸದ್ದು ಮಾಡ್ತಿತ್ತು."

"ಬೋಲ್ಟು ಸಡಿಲ ಆಗಿದೆ ಅಂತ ಸದ್ದು ಮಾಡ್ತು. ಸದ್ದು ಮಾಡೋರನ್ನ ಕಿತ್ತು ಬಿಸಾಕಿದ್ರೆ ಊರು ಏನಾಗುತ್ತೆ ಅಂತ ಮೂವತ್ತು ವರ್ಷ ಮೈಕ್ ಹಿಡ್ಕೊಂಡು ಅರಚಿದ್ದು ಯಾರು?"

ಚಹಾ ಉಕ್ಕಿತು. ಒರೆಸುವ ನೆಪ ಸಿಕ್ಕಿದ್ದಕ್ಕೆ ಅದಕ್ಕೊಂದು ವಂದನೆ.

"ಆಯ್ತು, ತಗಡು ಕೊಡು. ನಾಳೆ ಗ್ಯಾರೇಜಿನವನ ಕೈಲೇ ಹಾಕಿಸ್ತೀನಿ."

"ಕೊಟ್ರೆ ನನ್ನ ಟ್ಯೂಬಿನ ಗತಿ? ಬಾಯಿಮಾತಲ್ಲಿ ಆಗಲ್ಲ. ಬರೆದು ಕೊಡಿ."

ಮನವಿಪತ್ರ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಕೂತು ಬರೆದೆ. "ಮಾನ್ಯರೇ, ನಮ್ಮ ಕಾರಿನ ತಗಡು ಕಾಣೆಯಾಗಿದ್ದು, ಸದರಿ ತಗಡು ತಮ್ಮ ವಶದಲ್ಲಿರುವುದು ತಿಳಿದುಬಂದಿರುತ್ತದೆ. ಕೂಡಲೇ ಹಿಂದಿರುಗಿಸಬೇಕಾಗಿ ವಿನಂತಿ." ಅವಳು ನಿಧಾನವಾಗಿ ಓದಿದಳು. ಬಟ್ಟೆಗೆ ಗುರುತು ಹಾಕುವ ಪೆನ್ಸಿಲ್ ಎತ್ತಿಕೊಂಡು "ಕಾಣೆಯಾಗಿದ್ದು" ಎಂಬುದನ್ನು ಹೊಡೆದುಹಾಕಿ "ನಾನೇ ಕಿತ್ತುಹಾಕಿದ್ದು" ಎಂದು ತಿದ್ದಿದಳು. ಆಮೇಲೆ ಕೆಳಗೆ ಒಂದು ಪದ ಬರೆದು, ದುಂಡಗೆ ಸಹಿ ಮಾಡಿ, ಕಾಗದವನ್ನು ನನ್ನ ಕಡೆಗೆ ಸರಿಸಿದಳು.

"ಪರಿಶೀಲಿಸಲಾಗುವುದು."