ಅಮ್ಮ, ಗ್ರೈಂಡರು ಮತ್ತು ನನ್ನ ಟ್ರಕ್ಕು

ಯಾವ ಕೆಲಸವನ್ನಾದರೂ ಬಾಲದ ಕಡೆಯಿಂದ ಹಿಡಿಯುವುದು ನನ್ನ ಅಭ್ಯಾಸ. ಹಾಗಾಗಿ ಯೂನಿಯನ್ ಸಿಟಿಯ ನಮ್ಮ ಮನೆಯಲ್ಲಿ ನಗುವಿಗೆ ಬರವಿಲ್ಲ. ಮೈಸೂರಿನಿಂದ ಬಂದಿದ್ದ ಅಮ್ಮ ಹೊರಗಿನ ಊಟ ಮುಟ್ಟುವುದಿಲ್ಲ, ಹೋಟೆಲಿನ ಹಾಸಿಗೆಯಲ್ಲಿ ಮಲಗುವುದಿಲ್ಲ. ಅವರು ವಾಪಸು ಹೋಗುವ ಮೊದಲು ಯೊಸೆಮಿಟಿಯ ಬೆಟ್ಟಬಂಡೆಗಳನ್ನು ತೋರಿಸಲೇಬೇಕೆಂದು, ಅಡಿಗೆಮನೆ ಬಚ್ಚಲು ಎಲ್ಲ ಇರುವ ಟ್ರೇಲರು ಕೊಂಡೆ. ಕೊಂಡ ಮೇಲೆ ನೆನಪಾಯಿತು, ಅದನ್ನು ಎಳೆಯಲು ನಮ್ಮಲ್ಲಿರುವುದು ಪುಟ್ಟ ಎಲೆಕ್ಟ್ರಿಕ್ ಕಾರು.

೧. ಅನುಭವಸ್ಥರು

ಡ್ಯಾನ್‌ವಿಲ್‌ನ ಉಡುಪಿ ಡಾಕ್ಟರರೊಬ್ಬರ ಬಳಿ ದೊಡ್ಡ ಪಿಕಪ್ ಟ್ರಕ್ಕಿದೆ. ಸಲಹೆ ಕೇಳಲು ಹೋದೆ.

"ಇದನ್ನೇ ತಗೊಳ್ಳಿ ಮಾರಾಯ್ರೆ. ಆನೆ ಕಟ್ಟಿದ್ರೂ ಎಳೀತದೆ."

"ನೀವು ಏನೇನು ಎಳೆದಿದ್ದೀರಿ?"

"ಎಂತದೂ ಇಲ್ಲ."

ಹಿಂದೆ ಇಣುಕಿದೆ. ಸಾಮಾನು ಹಾಕುವ ಜಾಗದಲ್ಲಿ ಒಳ್ಳೆಯ ಜಮಖಾನೆ ಹಾಸಿತ್ತು. "ಇಲ್ಲಿ ಏನು ಇಡ್ತೀರಿ?"

ಡಾಕ್ಟರು ಗಾಬರಿಯಾದರು. "ಇಡುವುದಾ? ಗೀರು ಬೀಳ್ತದಲ್ಲ!"

೨. ಶೋರೂಮು

ಎಳೆಯುವ ಶಕ್ತಿ ಬೇರೆ, ಹೊರುವ ಶಕ್ತಿ ಬೇರೆ ಎಂದು ಅಲ್ಲಿನ ಹುಡುಗಿ ವಿವರಿಸಿದಳು. ಕೊಂಡಿಯ ಮೇಲೆ ಬೀಳುವ ಟ್ರೇಲರಿನ ಭಾರ, ಸಾಮಾನು, ಕೂರುವ ಜನ, ಎಲ್ಲವನ್ನೂ ಟ್ರಕ್ಕೇ ಹೊರಬೇಕಂತೆ. ಒಬ್ಬೊಬ್ಬರ ತೂಕ ಕೇಳಿದಳು.

"ನೂರೈವತ್ತು ಪೌಂಡು," ಎಂದೆ.

"ಅದು ಮದುವೆ ದಿನದ್ದು. ಈಗ ನೂರೆಂಬತ್ತು," ಹೆಂಡತಿ ತಿದ್ದಿದಳು.

ಅಮ್ಮ ನನ್ನ ಪರ ವಹಿಸಿದರು. "ಅದೂ ಊಟಕ್ಕೆ ಮುಂಚೆ."

೩. ವೇಬ್ರಿಡ್ಜು

ಅಂತೂ ಲೆಕ್ಕಕ್ಕೆ ಸರಿಹೊಂದುವ ಟ್ರಕ್ಕು ಬಂತು. ರಿವರ್ಸ್ ತೆಗೆಯಲು ಹೋಗಿ ಮನೆ ಮುಂದಿನ ನಮ್ಮದೇ ಮೇಲ್‌ಬಾಕ್ಸು ಉರುಳಿಸಿದ ಮೇಲೆ ಸ್ಟೇರಿಂಗು ಹೆಂಡತಿಯ ಪಾಲಾಯಿತು. ಹೊರಟ ದಿನ, ಎಲ್ಲ ಹೇರಿಕೊಂಡು, ಮನೆ ಹತ್ತಿರವೇ ಲಾರಿ ತೂಗುವ ವೇಬ್ರಿಡ್ಜಿಗೆ ಹೋದೆವು. ಟ್ರಕ್ಕು ಹೊರಬಹುದಾದದ್ದಕ್ಕಿಂತ ನೂರೆಂಬತ್ತು ಪೌಂಡು ಹೆಚ್ಚು! ನೋಡಿದರೆ ಹಿಂದೆ ಅಮ್ಮನ ಕಲ್ಲಿನ ಗ್ರೈಂಡರು, ಅಕ್ಕಿ ಮೂಟೆ, ಉಪ್ಪಿನಕಾಯಿ ಜಾಡಿಗಳು.

"ಗ್ರೈಂಡರು ಇಳಿಸೋಣ್ವಾ ಅಮ್ಮ?"

"ದೋಸೆ ಇಲ್ದೆ ಬರೀ ಬೆಟ್ಟ ನೋಡ್ಕೊಂಡು ಕೂತ್ಕೊಳ್ಲಾ?"

"ಅಕ್ಕಿ?"

"ಉಪವಾಸಕ್ಕೆ ಅಷ್ಟು ದೂರ ಯಾಕೋ ಹೋಗ್ಬೇಕು?"

ಇವತ್ತು ತಲುಪದಿದ್ದರೆ ಕ್ಯಾಂಪಿನ ಜಾಗ ಕೈತಪ್ಪುತ್ತದೆ. ಅಮ್ಮನ ವಿಮಾನ ಮುಂದಿನ ವಾರ. ನನಗೆ ನಿಜಕ್ಕೂ ಅಳು ಬಂದಂತಾಯಿತು. ಮಗಳು ತೂಕದ ಚೀಟಿ ನೋಡಿದಳು, ನನ್ನನ್ನು ನೋಡಿದಳು.

"ಡ್ಯಾಡ್, ಇಟ್ಸ್ ಎಕ್ಸಾಕ್ಟ್ಲಿ ಯು."

ಅಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. "ನೀನು ಕಾರಲ್ಲಿ ಬಾರಪ್ಪ."

ಎರಡು ಕಡೆ ಚಾರ್ಜು ಮಾಡಿಕೊಂಡು ತಲುಪುವಷ್ಟರಲ್ಲಿ ಸಂಜೆ. ಅಮ್ಮ ಬಂಡೆಗಳಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಮಗುವಿನಂತೆ ನಗುತ್ತಿದ್ದರು. ಆ ಮುಖ ನೋಡಿ ನನ್ನ ಸಿಟ್ಟೆಲ್ಲ ಇಳಿಯಿತು. ಮೊದಲ ದಿನಕ್ಕೆಂದು ಮನೆಯಲ್ಲೇ ರುಬ್ಬಿ ತಂದಿದ್ದ ಹಿಟ್ಟಿನ ದೋಸೆಯನ್ನು ನನಗೂ ಎತ್ತಿಟ್ಟಿದ್ದರು. ಒಂದೇ ಒಂದು.

"ಇಷ್ಟೇನಾ ಅಮ್ಮ?"

"ಮುಂದಿನ ಸಲ ನೀನೂ ಟ್ರಕ್ಕಲ್ಲೇ ಕೂರ್ಬೇಕಲ್ಲ," ಎಂದರು.