ಮುಚ್ಚದ ಕೊಡೆಗೆ ಹೊಣೆ ಯಾರು?

ತಪ್ಪು ಮಾಡುವುದು ಮನುಷ್ಯನ ಸಹಜ ಗುಣ. ಅದನ್ನು ಪಕ್ಕದವರ ತಲೆಗೆ ಕಟ್ಟುವುದು ಇನ್ನೂ ಸಹಜವಾದ ಗುಣ. ಈ ಎರಡನೆಯದನ್ನು ಭೂಮಂಡಲದಿಂದಲೇ ಕಿತ್ತುಹಾಕುತ್ತೇನೆಂದು ನಮ್ಮ ಯಜಮಾನ ಪಣ ತೊಟ್ಟದ್ದು, ಆಫೀಸಿನವರು ಕಳಿಸಿದ ಎರಡು ದಿನದ ತರಬೇತಿ ಮುಗಿಸಿ ಮನೆಗೆ ಬಂದ ಸಂಜೆ. ಆತ ಕೊಡೆ ಕಾರ್ಖಾನೆಯಲ್ಲಿ ತಪಾಸಣೆಯ ಮೇಲ್ವಿಚಾರಕ. ತಯಾರಾದ ಕೊಡೆಗಳನ್ನು ಬಿಚ್ಚಿ ನೋಡಿ, ಮುಚ್ಚಿ ನೋಡಿ, ಕಾಗದಕ್ಕೆ ಸಹಿ ಹಾಕುವುದು ಆತನ ಕೆಲಸ. (ಬಿಚ್ಚುವುದು, ಮುಚ್ಚುವುದು, ಎರಡನ್ನೂ ಮಾಡಬೇಕು. ಓದುವವರು ಇದನ್ನು ನೆನಪಿಟ್ಟುಕೊಳ್ಳಿ. ಆತ ಇಟ್ಟುಕೊಳ್ಳಲಿಲ್ಲ.)

ತರಬೇತಿಯಿಂದ ಆತ ಒಂದು ಕಟ್ಟು ಹಳದಿ ಬಿಲ್ಲೆ ತಂದಿದ್ದ. ಒಂದೊಂದಕ್ಕೂ ದಾರ, ಮೇಲೆ ದಪ್ಪ ಅಕ್ಷರದಲ್ಲಿ ‘ಹೊಣೆ ನನ್ನದು’.

"ಏನ್ರೀ ಇದು, ಎತ್ತಿನ ಕೊರಳಿಗೆ ಕಟ್ಟೋದಾ?" ಎಂದಳು ಹೆಂಡತಿ. ಅವಳು ಮನೆಯಲ್ಲೇ ಹೊಲಿಗೆ ಮಾಡುವವಳು. ಮಾತಾಡುವಾಗಲೂ ಮಿಷನ್ನು ನಿಲ್ಲುವುದಿಲ್ಲ.

"ಇದು ಮೌಲ್ಯ ಕಣೇ, ಮೌಲ್ಯ! ತಪ್ಪು ಮಾಡಿದವರು ತಾವಾಗೇ ಕೊರಳಿಗೆ ಹಾಕ್ಕೋಬೇಕು. ಆ ತಪ್ಪು ಸರಿಯಾಗೋ ತನಕ ತೆಗೆಯೋ ಹಾಗಿಲ್ಲ. ನಾಳೆಯಿಂದ ಕಾರ್ಖಾನೆಯಲ್ಲೂ ಇದೇ ನಿಯಮ. ಇವತ್ತಿಂದ ಮನೇಲಿ."

ಈ ಮಹಾಭಾಷಣ ಮುಗಿಯುವಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ಮೊದಲ ಬಿಲ್ಲೆ ಹೆಂಡತಿಯ ಕೊರಳಿಗೆ ಬಿತ್ತು.

"ನಿಮ್ಮ ಪುರಾಣ ಕೇಳ್ತಾ ನಿಂತದ್ದಕ್ಕೆ ತಾನೇ ಉಕ್ಕಿದ್ದು?"

"ನೋಡಿದ್ಯಾ, ನೋಡಿದ್ಯಾ! ಬೇರೆಯವರ ಮೇಲೆ ಹಾಕೋದು ಅಂದ್ರೆ ಇದೇ!"

ಒಂದು ವಾರದಲ್ಲಿ ಹೆಂಡತಿ ನಾಲ್ಕು ಸಲ, ಅತ್ತೆ ಮೂರು ಸಲ, ಮಗಳು ಪುಟ್ಟಿ ಹನ್ನೊಂದು ಸಲ ಬಿಲ್ಲೆ ಹಾಕಿಕೊಂಡರು. (ಅತ್ತೆ ಎಂದರೆ ಹೆಂಡತಿಯ ತಾಯಿ, ಇವರ ಜೊತೆಯಲ್ಲೇ ಇರುವವರು. ಅವರು ಅದಕ್ಕೆ ಬೀರುವಿನ ಕೀಲಿ ಸಿಕ್ಕಿಸಿಕೊಂಡು, ತಪ್ಪು ಸರಿಯಾದ ಮೇಲೂ ವಾಪಸು ಕೊಡಲೊಲ್ಲರು.) ಯಜಮಾನನ ಕೊರಳು ಮಾತ್ರ ಬೋಳಾಗಿಯೇ ಉಳಿಯಿತು.

ಹಾಗೆಂದು ಆತ ತಪ್ಪು ಮಾಡಲಿಲ್ಲವೆಂದಲ್ಲ. ಸೋಮವಾರ ಅತ್ತೆಯ ಕನ್ನಡಕದ ಮೇಲೆ ಕೂತ. ಅದು ಲಟಕ್ಕೆಂದಾಗ ಸೋಫಾದ ದಿಂಬಿನ ಹಿಂದಕ್ಕೆ ತುರುಕಿದ. ಬುಧವಾರ ಹೆಂಡತಿಯ ಬಟ್ಟೆ ಕತ್ತರಿಯಲ್ಲಿ ಕೊಡೆಯ ತಂತಿ ಕತ್ತರಿಸಿ, ಮೊಂಡಾದ ಕತ್ತರಿಯನ್ನು ಸದ್ದಿಲ್ಲದೆ ಡಬ್ಬಿಗೆ ಸೇರಿಸಿದ. ಇದನ್ನೆಲ್ಲ ಕಂಡವಳು ಪುಟ್ಟಿ ಒಬ್ಬಳೇ. ಹತ್ತು ವರ್ಷದ ಪುಟ್ಟಿ ಮನೆಪಾಠ ಬರೆಯುವುದು ಊಟದ ಮೇಜಿನ ಕೆಳಗೆ ಕೂತು. ಮೇಜಿನ ಕೆಳಗಿರುವವರಿಗೆ ಕಣ್ಣಿರುವುದಿಲ್ಲ ಎಂಬುದು ದೊಡ್ಡವರ ನಂಬಿಕೆ.

ಆ ಭಾನುವಾರ ಊಟಕ್ಕೂ ನಿದ್ದೆಗೂ ನಡುವೆ ಆತ ಅದೇ ಮೇಜಿನ ಮೇಲೆ ಕಾರ್ಖಾನೆಯ ಕಾಗದದ ಕಟ್ಟು ಹರಡಿಕೊಂಡ. ನಾನೂರು ಕೊಡೆಯ ತಪಾಸಣೆ ಬಾಕಿ ಇತ್ತು. ಶನಿವಾರ ಒಂದನ್ನು ಬಿಚ್ಚಿ ನೋಡಿದ್ದ, ಸೊಗಸಾಗಿ ಬಿಚ್ಚಿತ್ತು. ಅಷ್ಟರಲ್ಲಿ ಮನೆಗೆ ಹೋಗುವ ಗಂಟೆ ಹೊಡೆದಿತ್ತು. "ಬಿಚ್ಚೋದು ಮುಚ್ಚದೆ ಇರುತ್ತಾ? ಬಾಯಿ ಬಿಟ್ಟವನು ಮುಚ್ಚಲ್ವಾ?" ಎಂದು ತನಗೆ ತಾನೇ ಹೇಳಿಕೊಂಡು ಸರಸರನೆ ಸಹಿ ಎಳೆದ.

ಒಳಗಿನ ಕೋಣೆಯಿಂದ ಹೆಂಡತಿ, ವಿಷಯ ಏನೆಂದೇ ತಿಳಿಯದೆ, "ಎಲ್ಲರೂ ಮುಚ್ಚಲ್ಲ ರೀ," ಎಂದಳು.

ಕೊಡೆಗಳೂ ಮುಚ್ಚಲಿಲ್ಲ. ಹದಿನೈದು ದಿನದೊಳಗೆ ದೂರುಗಳ ಸುರಿಮಳೆ. ಒಬ್ಬಾತ ಬಿಚ್ಚಿದ ಕೊಡೆ ಹಿಡಿದು ಬಸ್ಸಿನ ಬಾಗಿಲಲ್ಲಿ ಸಿಕ್ಕಿಕೊಂಡು ಮೂರು ಸ್ಟಾಪು ದಾಟಿದ್ದ. ಇನ್ನೊಬ್ಬಾಕೆ ಅಂಗಡಿಯೊಳಗೇ ಬಿಚ್ಚಿ ನೋಡಿ, ಹೊರಗೆ ಬರಲಾಗದೆ, ಬೇಸರ ಕಳೆಯಲು ಅಲ್ಲೇ ವ್ಯಾಪಾರಕ್ಕೆ ನಿಂತಿದ್ದಳು. ಕಾರ್ಖಾನೆಯ ದೊಡ್ಡ ಸಾಹೇಬರು ಕಾಗದ ತರಿಸಿ ನೋಡಿದರು. ಸಹಿಯೇನೋ ಇತ್ತು, ಆದರೆ ತಪಾಸಣೆಯ ಮೂವರು ಮೇಲ್ವಿಚಾರಕರದೂ ಒಂದೇ ನಮೂನೆಯ ಗೀಚು. ಅದು ಇಂಥವರದೇ ಎಂದು ಬ್ರಹ್ಮ ಬಂದರೂ ಹೇಳಲಾರ.

"ಹೊಣೆಗಾರಿಕೆ ತರಬೇತಿ ಆದವರು ನೀವು," ಎಂದರು ಸಾಹೇಬರು ನಮ್ಮ ಯಜಮಾನನಿಗೆ. "ನೀವೇ ತನಿಖೆ ಮಾಡಿ. ಯಾರು ಅಂತ ಹುಡುಕಿ ಕೊಡಿ. ಹೊಣೆಗಾರಿಕೆ ಅಧಿಕಾರಿ ಅಂತ ಹೊಸ ಹುದ್ದೆ ಮಾಡ್ತಾ ಇದೀನಿ. ಪ್ರತ್ಯೇಕ ಕೋಣೆ, ಕಿಟಕಿ ಸಮೇತ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಸಾಮಾನ್ಯ ಕಳ್ಳರ ಲಕ್ಷಣ. ಹೆಗಲು ಮುಟ್ಟದೆಯೇ "ಆಗಲಿ ಸಾರ್" ಎಂದ ಯಜಮಾನ. ಪಾಪ, ಆತನ ಕಷ್ಟವೂ ಸಣ್ಣದಲ್ಲ. ಹದಿನೆಂಟು ವರ್ಷದಿಂದ ಆತನ ಕುರ್ಚಿ ಇದ್ದದ್ದು ಪ್ಯಾಕಿಂಗ್ ಯಂತ್ರಕ್ಕೂ ಕಕ್ಕಸಿನ ಬಾಗಿಲಿಗೂ ನಡುವೆ. ಕಿಟಕಿಯೆಂದರೆ ಆತನಿಗೆ ಪ್ರಾಣ. ಆದ್ದರಿಂದ ದಿನವೂ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಅಪರಾಧಿಯ ಗಡ್ಡವನ್ನು ನೀಟಾಗಿ ಕೆರೆದು, ಆಮೇಲೆ ಅವನನ್ನು ಹುಡುಕಲು ಹೊರಡುತ್ತಿದ್ದ.

ಅತ್ತ ಪುಟ್ಟಿಯ ಶಾಲೆಯಲ್ಲೂ ಮೌಲ್ಯದ ಗಾಳಿ ಬೀಸಿತ್ತು. ಬೆಳಗಿನ ಪ್ರಾರ್ಥನೆಯಲ್ಲಿ ಒಂದು ತಪ್ಪು ಒಪ್ಪಿಕೊಂಡರೆ ಒಂದು ಬೆಳ್ಳಿ ನಕ್ಷತ್ರ. ತಿಂಗಳ ಕೊನೆಗೆ ಹೆಚ್ಚು ನಕ್ಷತ್ರದವರಿಗೆ ಬಹುಮಾನ. ಮೂರೇ ದಿನದಲ್ಲಿ ಮಕ್ಕಳೆಲ್ಲ ಪರಮ ಪವಿತ್ರರಾಗಿ, ಶಾಲೆಯಲ್ಲಿ ತಪ್ಪುಗಳ ಬರ ಬಿತ್ತು. ಒಬ್ಬ ಹುಡುಗ ಶಾಲೆಯ ಗಂಟೆ ಕದ್ದು, ಒಪ್ಪಿಕೊಂಡು, ನಕ್ಷತ್ರ ಪಡೆದು, ಮರುದಿನ ಅದನ್ನೇ ಮತ್ತೆ ಕದ್ದ. ಎರಡು ಜಡೆಯ ಹುಡುಗಿಯೊಬ್ಬಳು ಪುಟ್ಟಿಗಿಂತ ಆರು ನಕ್ಷತ್ರ ಮುಂದಿದ್ದಳು.

"ಅಪ್ಪಾ," ಎಂದಳು ಪುಟ್ಟಿ ಮೇಜಿನ ಕೆಳಗಿನಿಂದ. "ಬೇರೆಯವರ ತಪ್ಪಿಗೆ ನಾವು ಹೊಣೆ ತಗೋಬಹುದಾ?"

ಯಜಮಾನ ಸಾಕ್ಷಾತ್ ಗುರುಪೀಠದಲ್ಲಿ ಕೂತವನಂತೆ ಎದೆ ಉಬ್ಬಿಸಿದ. "ಅದೇ ಮಗಳೇ ನಿಜವಾದ ದೊಡ್ಡತನ! ಮನೆಯವರ ತಪ್ಪೆಲ್ಲ ನಮ್ಮದೇ ಅಂದ್ಕೋಬೇಕು."

ಪುಟ್ಟಿ ಅದನ್ನು ಪೆನ್ಸಿಲಿನಲ್ಲಿ ಬರೆದುಕೊಂಡಳು. ಮರುವಾರವೇ ಎರಡು ಜಡೆಯವಳನ್ನು ಹಿಂದೆ ಹಾಕಿದಳು.

ಮಗಳ ಏಳಿಗೆ ಕಂಡು ಯಜಮಾನನಿಗೆ ಒಂದು ಭರ್ಜರಿ ಉಪಾಯ ಹೊಳೆಯಿತು. ತನಿಖೆಯಂತೂ ಮುಗಿಯುವಂಥದ್ದಲ್ಲ. ಆದರೆ ಇಂಥ ಮಗಳನ್ನು ಸಾಹೇಬರು ಕಣ್ಣಾರೆ ಕಂಡರೆ, ಇಂಥ ತಂದೆಗೆ ಕಿಟಕಿ ಕೊಡದೆ ಇರುತ್ತಾರೆಯೇ? ಆತ ಶಾಲೆಗೆ ಓಡಿದ, ಕಾರ್ಖಾನೆಗೆ ಓಡಿದ, ಅಂತೂ ಬಹುಮಾನದ ಸಮಾರಂಭಕ್ಕೆ ದೊಡ್ಡ ಸಾಹೇಬರನ್ನೇ ಮುಖ್ಯ ಅತಿಥಿಯಾಗಿ ಗೊತ್ತುಮಾಡಿದ.

ಸಭಾಂಗಣ ತುಂಬಿತ್ತು. ಹೆಂಡತಿ, ಅತ್ತೆ, ಯಜಮಾನ ಮೊದಲ ಸಾಲಿನಲ್ಲಿ ಕೂತರು. ದೊಡ್ಡ ಟೀಚರು ಪುಟ್ಟಿಯನ್ನು ವೇದಿಕೆಗೆ ಕರೆದು, "ನೀನು ಒಪ್ಪಿಕೊಂಡದ್ದನ್ನೆಲ್ಲ ಓದಮ್ಮ, ಎಲ್ಲರೂ ಕಲಿಯಲಿ," ಎಂದರು. ಪುಟ್ಟಿ ಚೀಟಿ ಬಿಚ್ಚಿದಳು.

"ಅಜ್ಜಿ ಕನ್ನಡಕದ ಮೇಲೆ ಕೂತು, ಅದನ್ನ ದಿಂಬಿನ ಹಿಂದೆ ತುರುಕಿದ್ದು ನಾನು."

ಚಪ್ಪಾಳೆ. "ಈ ಹೂವಿನಂಥ ಮಗು ಕೂತರೆ ಅದು ಹಾಗೆ ಅಪ್ಪಚ್ಚಿ ಆಗುತ್ತಾ?" ಎಂದು ಅತ್ತೆ ಗಟ್ಟಿಯಾಗಿಯೇ ಕೇಳಿದರು.

"ಅಮ್ಮನ ಬಟ್ಟೆ ಕತ್ತರೀಲಿ ತಂತಿ ಕತ್ತರಿಸಿದ್ದು ನಾನು."

ಹೆಂಡತಿಯ ಕುತ್ತಿಗೆ ನಿಧಾನವಾಗಿ ಯಜಮಾನನ ಕಡೆ ತಿರುಗಿತು.

"ಗಡ್ಡ ಕೆರೆದಾದ ಮೇಲೆ ಕೂದಲನ್ನ ಬೇಸಿನ್ನಲ್ಲಿ ಹಾಗೇ ಬಿಟ್ಟಿದ್ದೂ ನಾನು."

ಸಾಹೇಬರ ಚಪ್ಪಾಳೆ ಅರ್ಧದಲ್ಲಿ ನಿಂತಿತು. ಯಜಮಾನ ಕೈಸನ್ನೆ ಮಾಡಿದ, ಕೆಮ್ಮಿದ, ಕುರ್ಚಿ ಎಳೆದ. ಅಪ್ಪ ತನ್ನನ್ನು ಹುರಿದುಂಬಿಸುತ್ತಿದ್ದಾನೆಂದು ತಿಳಿದ ಪುಟ್ಟಿ ದನಿ ಏರಿಸಿದಳು.

"ನಾನೂರು ಕೊಡೆ ಮುಚ್ಚಿ ನೋಡದೆ, ಭಾನುವಾರ ಊಟದ ಮೇಜಿನ ಮೇಲೆ ಸಹಿ ಹಾಕಿದ್ದೂ ನಾನು!"

ಸಭಾಂಗಣದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಸಾಹೇಬರು ಮಾತ್ರ ಎದ್ದು ಬಂದು ಪುಟ್ಟಿಯ ಮುಂದೆ ಬಗ್ಗಿದರು.

"ಸಹಿ ನೀನೇ ಹಾಕಿದ್ದಾ ಮಗೂ?"

"ಇಲ್ಲ ಅಂಕಲ್. ಸಹಿ ಅಪ್ಪಂದು. ಹೊಣೆ ನಂದು. ಮನೆಯವರ ತಪ್ಪೆಲ್ಲ ನಮ್ಮದೇ ಅಂತ ಅಪ್ಪನೇ ಹೇಳ್ಕೊಟ್ಟಿದ್ದು." ಹೀಗೆಂದು ಅವಳು ಹೆಮ್ಮೆಯಿಂದ ಅಪ್ಪನ ಕಡೆ ನೋಡಿದಳು. ಕಿಟಕಿ ಹೋದದ್ದಕ್ಕಿಂತ ಆ ನೋಟವೇ ಆತನನ್ನು ಹೆಚ್ಚು ಚುಚ್ಚಿತು.

"ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿತ್ತಂತೆ," ಎಂದರು ಅತ್ತೆ.

ಸಾಹೇಬರು ಕೆಳಗಿಳಿದು ಬಂದು ಜೇಬಿನಿಂದ ಹಳದಿ ಬಿಲ್ಲೆ ತೆಗೆದರು. (ಪ್ರತಿಯೊಬ್ಬರ ಜೇಬಿನಲ್ಲೂ ಸದಾ ಒಂದು ಇರಬೇಕೆಂದು ಕಟ್ಟಳೆ ಮಾಡಿಸಿದವನು ಯಜಮಾನನೇ.)

"ಸಾರ್, ತನಿಖೆ ಇನ್ನೂ..."

"ಮುಗೀತಲ್ಲ! ಭೇಷಾಗಿ ಮುಗೀತು. ತಪ್ಪು ಸರಿಯಾಗೋ ತನಕ ಇದನ್ನ ತೆಗೆಯೋ ಹಾಗಿಲ್ಲ. ನಿಮ್ಮದೇ ನಿಯಮ." ಕಿಟಕಿಯ ಕೋಣೆಯನ್ನು ಪುಟ್ಟಿ ಬೆಳೆದು ಕೆಲಸಕ್ಕೆ ಬರುವ ತನಕ ಖಾಲಿ ಇಡಲಾಗುವುದೆಂದು ಅವರು ಅಲ್ಲೇ ಘೋಷಿಸಿದರು. ಮತ್ತೆ ಚಪ್ಪಾಳೆ.

ಸೋಮವಾರ ಮನೆ ಮುಂದೆ ಲಾರಿ ಬಂದು ನಿಂತಿತು. ನಾನೂರು ಕೊಡೆ, ಎಲ್ಲವೂ ಬಿಚ್ಚಿದ್ದು. ನಡುಮನೆ ತುಂಬಿತು, ಮಲಗುವ ಕೋಣೆ ತುಂಬಿತು. ಹೆಂಡತಿ ಮೊಂಡು ಕತ್ತರಿಯನ್ನು ಆತನ ಕೈಗಿಟ್ಟಳು. "ಇದನ್ನ ಮೊದಲು ಸಾಣೆ ಹಿಡಿಸಿ. ಆಮೇಲೆ ಹೊರಗೆ ಕೂತು ಕೊಡೆ ಮುಚ್ಚಿ. ಮಾಡಿದ್ದುಣ್ಣೋ ಮಹರಾಯ!"

ಮೂರನೆಯ ದಿನದ ಹೊತ್ತಿಗೆ, ಒಂದೊಂದರ ಸ್ಪ್ರಿಂಗ್ ಬಿಚ್ಚಿ ಬದಲಿಸಿ, ಮೆಟ್ಟಿಲ ಮೇಲೆ ಕೂತ ಯಜಮಾನ ಹನ್ನೊಂದು ಕೊಡೆ ಮುಚ್ಚಿದ್ದ. ಕೊರಳಲ್ಲಿ ಬಿಲ್ಲೆ ತೂಗುತ್ತಿತ್ತು. ಪುಟ್ಟಿ ಕೊಡೆಗಳ ಕೆಳಗೆ ತೆವಳಿಕೊಂಡು ಬಂದು ಪಕ್ಕದಲ್ಲಿ ಕೂತಳು. ಕೈಯಲ್ಲಿ ಹೊಸ ಚೀಟಿ, ಪೆನ್ಸಿಲು.

"ಅಪ್ಪಾ, ಈ ತಿಂಗಳದ್ದು ಶುರುವಾಯ್ತು. ಎರಡು ಜಡೆಯವಳು ಅವರಪ್ಪನ ಆಫೀಸಿಂದೇ ಏಳು ಒಪ್ಪಿಕೊಂಡ್ಲು. ನೀನು ಬೇರೆ ಏನಾದ್ರೂ ಮಾಡಿದೀಯಾ?"

ಯಜಮಾನ ಬಾಯಿ ಬಿಟ್ಟ. ಹೇಳುವಂಥದ್ದು ಬೇಕಾದಷ್ಟಿತ್ತು. ಹೊಲಿಗೆ ಮಿಷನ್ನಿನ ಸದ್ದು ಥಟ್ಟನೆ ನಿಂತದ್ದು ಒಳಗಿನಿಂದ ಕೇಳಿಸಿತು. ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ, ಬಿಚ್ಚಿದ್ದು ಸರಿಯಾಗಿ ಮುಚ್ಚುತ್ತದೆಯೇ ಎಂದು ಆತ ಎರಡು ಸಲ ಪರೀಕ್ಷಿಸಿ ನೋಡಿ, ಬಾಯಿ ಮುಚ್ಚಿದ.